ಗಣಕಯಂತ್ರದ ರೇಡಿಯೇಟರು ಮತ್ತು ಅದರ ಫ್ಯಾನುಗಳು

ಕಳೆದ ವಾರ್ಷಿಕೋತ್ಸವದ ನಾಟಕದ ದೃಶ್ಯಗಳನ್ನು ಶಾಲೆಯ ಗಣಕಯಂತ್ರದಲ್ಲಿ ಜೋಡಿಸುತ್ತಿದ್ದಾಗ ಅದು ಮೂರು ಸಲ ತಾನಾಗಿಯೇ ಆರಿಹೋದುದನ್ನು ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಮರೆತಿರಲಾರರು. ಎರಡು ಸಂಜೆಗಳ ಕೆಲಸ ಹಾಳಾಯಿತು. ಯಂತ್ರವೇ ಕೆಟ್ಟಿತೆಂದು ಭಾವಿಸಿ, ಹೊಸದನ್ನು ಕೊಳ್ಳಲು ಚಂದಾ ಎತ್ತುವ ಮಾತನ್ನು ಪೋಷಕರಲ್ಲಿ ಕೆಲವರು ಆಡಿದ್ದುಂಟು. ತಪ್ಪು ಯಂತ್ರದ್ದಾಗಿರಲಿಲ್ಲ, ಈ ಲೇಖಕನದು. ಧೂಳು ತೆಗೆಯಲೆಂದು ಬಿಚ್ಚಿದ ಎರಡು ಫ್ಯಾನುಗಳಲ್ಲಿ ಒಂದನ್ನು ನಾನು ಹಿಂದುಮುಂದಾಗಿ ಕೂರಿಸಿದ್ದೆನು. ಅದರಿಂದ ಏನಾಯಿತೆಂಬುದನ್ನು ತಿಳಿಯಲು ಮೊದಲು ಈ ಏರ್ಪಾಡಿನ ಪರಿಚಯ ಅಗತ್ಯ.

ಗಣಕಯಂತ್ರದಲ್ಲಿ ಲೆಕ್ಕವನ್ನೆಲ್ಲ ಮಾಡುವುದು ಪ್ರೊಸೆಸರೆಂಬ ಬಿಲ್ಲೆ. ಅದು ಬಳಸುವ ವಿದ್ಯುತ್ತು ಬಹುಮಟ್ಟಿಗೆ ಪೂರ್ತಿಯಾಗಿ ಉಷ್ಣವಾಗಿ ಮಾರ್ಪಡುವುದು. ಹಳೆಯ 100 ವ್ಯಾಟಿನ ಬಲ್ಬನ್ನು ಮುಟ್ಟಿ ಬೆರಳು ಸುಟ್ಟುಕೊಂಡ ಹಿರಿಯರು ಊಹಿಸಬಲ್ಲರು: ಶಕ್ತಿಯುಳ್ಳ ಪ್ರೊಸೆಸರು ಭಾರವಾದ ಕೆಲಸ ಮಾಡುವಾಗ ಅಂತಹ ಎರಡು ಬಲ್ಬುಗಳ ಉಷ್ಣವು ಅಂಚೆಚೀಟಿಯಷ್ಟು ಅಗಲದ ಸಿಲಿಕಾನ್ ಚೂರಿನಲ್ಲಿ ಹುಟ್ಟುತ್ತದೆ. ಉಷ್ಣತೆಯು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು. ಅಷ್ಟರಿಂದಲೂ ಆಗದಿದ್ದರೆ ಯಂತ್ರ ಆರುವುದು.

ದ್ರವದಿಂದ ತಂಪುಮಾಡುವ ಏರ್ಪಾಡಿನಲ್ಲಿ ಪ್ರೊಸೆಸರಿನ ಮೇಲೆ ತಾಮ್ರದ ತಗಡೊಂದು ಅಂಟಿಕೊಂಡಿರುವುದು. ಪುಟ್ಟ ಪಂಪು ಅದರ ಮೇಲೆ ದ್ರವವನ್ನು ಹರಿಸಿ, ಕೊಳವೆಯ ಮೂಲಕ ರೇಡಿಯೇಟರಿಗೆ ಕಳುಹಿಸುವುದು. ಒಂದು ಗ್ರಾಂ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4.2 ಜೂಲ್ ಉಷ್ಣವನ್ನು ಹೀರುತ್ತದೆ. ಒಂದು ಗ್ರಾಂ ಗಾಳಿ ಸುಮಾರು 1 ಜೂಲ್ ಮಾತ್ರ. ಆದುದರಿಂದ ಉಷ್ಣವನ್ನು ಹೊರಲು ನೀರೇ ಮೇಲು. ಆದರೆ ನೀರು ಕೇವಲ ಹೊರೆಯಾಳು. ಹೊರೆಯನ್ನು ಕೊನೆಗೆ ಇಳಿಸಿಕೊಳ್ಳಬೇಕಾದುದು ಗಾಳಿಯೇ. ಬಿಸಿ ಚಹವನ್ನು ಬಸಿಗೆ ಸುರಿದು ಊದುವಾಗ ನಾವು ಮಾಡುವುದೂ ಇದೇ. ರೇಡಿಯೇಟರಿನ ತೆಳುವಾದ ರೆಕ್ಕೆಗಳು ಬಸಿಯಂತೆ ಹರವನ್ನು ಹೆಚ್ಚಿಸುತ್ತವೆ, ಫ್ಯಾನು ಊದುತ್ತದೆ.

ಲೆಕ್ಕವೊಂದನ್ನು ಮಾಡಿ ನೋಡೋಣ. ಪ್ರೊಸೆಸರಿನಿಂದ ಸೆಕೆಂಡಿಗೆ 200 ಜೂಲ್ ಉಷ್ಣ ಬರುತ್ತಿದೆಯೆಂದೂ, ರೇಡಿಯೇಟರಿನ ಮೂಲಕ ಸೆಕೆಂಡಿಗೆ 40 ಲೀಟರು ಗಾಳಿ ಹಾಯುತ್ತಿದೆಯೆಂದೂ ಇಟ್ಟುಕೊಳ್ಳಿರಿ. ಅಷ್ಟು ಗಾಳಿಯ ತೂಕ ಸುಮಾರು 48 ಗ್ರಾಂ. 200ನ್ನು 48ರಿಂದ ಭಾಗಿಸಿದರೆ ಗಾಳಿ 4 ಡಿಗ್ರಿಗಿಂತ ತುಸು ಹೆಚ್ಚು ಬಿಸಿಯಾಗಿ ಹೊರಬರುವುದೆಂದು ತಿಳಿಯುತ್ತದೆ. ಗಾಳಿ 10 ಲೀಟರಿಗೆ ಇಳಿದರೆ ಏರಿಕೆ ಸುಮಾರು 17 ಡಿಗ್ರಿ! ಇನ್ನೊಂದು ಮಾತು. ಫ್ಯಾನು ಎಷ್ಟೇ ತಿರುಗಲಿ, ರೇಡಿಯೇಟರಿನ ನೀರು ಕೋಣೆಯ ಗಾಳಿಗಿಂತ ತಣ್ಣಗಾಗದು. ಸೊಲ್ಲಾಪುರದ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ಇದ್ದಾಗ ನೀರು ಅದಕ್ಕಿಂತ ಮೇಲೆಯೇ ನಿಲ್ಲುವುದು.

ಫ್ಯಾನುಗಳನ್ನು ರೇಡಿಯೇಟರಿನ ಮುಂದೆ ಇಟ್ಟು ಗಾಳಿಯನ್ನು ಅದರೊಳಗೆ ತಳ್ಳಬಹುದು. ಹಿಂದೆ ಇಟ್ಟು ಸೆಳೆಯಬಹುದು. ಎಂಜಿನು ಮುಂದಿರುವ ಬಸ್ಸುಗಳಲ್ಲಿ ಫ್ಯಾನು ರೇಡಿಯೇಟರಿನ ಹಿಂದಿದ್ದು ಗಾಳಿಯನ್ನು ಸೆಳೆಯುವುದನ್ನು ನೀವು ಕಂಡಿರಬಹುದು. ಎರಡು ಕ್ರಮಗಳಿಗೂ ಫಲದಲ್ಲಿ ಹೆಚ್ಚಿನ ಅಂತರವಿಲ್ಲ. ಸೆಳೆಯುವ ಕ್ರಮದಲ್ಲಿ ಧೂಳು ರೇಡಿಯೇಟರಿನ ತೆರೆದ ಮುಖದ ಮೇಲೆಯೇ ಕೂರುವುದರಿಂದ ಒರೆಸಲು ಸುಲಭ. ಎರಡು ಪಕ್ಕಗಳಲ್ಲೂ ಫ್ಯಾನು ಇಡುವವರುಂಟು. ದಪ್ಪನೆಯ ರೇಡಿಯೇಟರಿಗೆ ಅದು ಸಹಾಯಕವೇ ಹೊರತು, ತೆಳ್ಳನೆಯದಕ್ಕೆ ಖರ್ಚು ಇಮ್ಮಡಿ, ಲಾಭ ಅತ್ಯಲ್ಪ. ನನ್ನನ್ನು ಕೇಳಿದರೆ ಶಾಲೆಯ ಹಣವನ್ನು ಅದಕ್ಕೆ ವ್ಯಯಿಸಬಾರದು.

ಹೆಚ್ಚು ಚರ್ಚೆಗೆ ಆಸ್ಪದವಾದ ಪ್ರಶ್ನೆ ಬೇರೆ: ರೇಡಿಯೇಟರನ್ನು ಪೆಟ್ಟಿಗೆಯ ಮುಂಭಾಗದಲ್ಲಿಟ್ಟು ಹೊರಗಿನ ಗಾಳಿಯನ್ನು ಒಳಗೆ ತರಬೇಕೆ, ಅಥವಾ ಮೇಲ್ಭಾಗದಲ್ಲಿಟ್ಟು ಒಳಗಿನ ಗಾಳಿಯನ್ನು ಹೊರಗೆ ಕಳುಹಿಸಬೇಕೆ? ಮುಂದಿಟ್ಟರೆ ಅದಕ್ಕೆ ಕೋಣೆಯ ತಂಪುಗಾಳಿಯೇ ದೊರೆತು ಪ್ರೊಸೆಸರಿಗೆ ಹಿತ. ಆದರೆ ಬಿಸಿಯಾದ ಗಾಳಿ ಪೆಟ್ಟಿಗೆಯೊಳಕ್ಕೆ ನುಗ್ಗಿ, ಚಿತ್ರಗಳನ್ನು ರಚಿಸುವ ಗ್ರಾಫಿಕ್ಸ್ ಕಾರ್ಡು ಬಿಸಿಗಾಳಿಯನ್ನೇ ಉಣ್ಣಬೇಕಾಗುವುದು. ಮೇಲಿಟ್ಟರೆ ಇದಕ್ಕೆ ವಿರುದ್ಧ: ಕಾರ್ಡಿನ ಬಿಸಿಗಾಳಿ ರೇಡಿಯೇಟರನ್ನು ಹಾದುಹೋಗುವುದರಿಂದ ಪ್ರೊಸೆಸರಿನ ಉಷ್ಣತೆ ತುಸು ಏರುವುದು, ಉಳಿದ ಭಾಗಗಳು ಹಾಯಾಗಿರುವುವು. ಆಗ ಮುಂದುಗಡೆ ಬೇರೆ ಫ್ಯಾನುಗಳು ಹೊಸ ಗಾಳಿಯನ್ನು ತರಬೇಕು. ಯಾವ ಭಾಗಕ್ಕೆ ಹೆಚ್ಚಿನ ದುಡಿಮೆಯೋ ಅದನ್ನು ನೋಡಿ ತೀರ್ಮಾನಿಸಬೇಕು. ನಮ್ಮದು ಮೇಲ್ಭಾಗದ ಕ್ರಮ. ಎಲ್ಲಿಟ್ಟರೂ ಪಂಪು ಮಾತ್ರ ಇಡೀ ಸುತ್ತಿನಲ್ಲಿ ಅತ್ಯಂತ ಎತ್ತರದ ಸ್ಥಾನದಲ್ಲಿರಕೂಡದು. ಒಳಗೆ ಉಳಿದ ಗಾಳಿಯ ಗುಳ್ಳೆಗಳು ಮೇಲೇರಿ ಪಂಪಿನಲ್ಲೇ ಸೇರಿ ಅದನ್ನು ಕೆಡಿಸುವುವು.

ಈಗ ನನ್ನ ತಪ್ಪಿಗೆ ಬರೋಣ. ರೇಡಿಯೇಟರಿನ ಕೆಳಗೆ 120 ಮಿ.ಮೀ. ಅಗಲದ ಎರಡು ಫ್ಯಾನುಗಳು ಪಕ್ಕಪಕ್ಕದಲ್ಲಿದ್ದುವು. ಒಂದು ಗಾಳಿಯನ್ನು ಮೇಲಕ್ಕೆ ತಳ್ಳುತ್ತಿತ್ತು; ತಿರುವುಮುರುವಾದ ಇನ್ನೊಂದು ಮೇಲಿನಿಂದ ಕೆಳಕ್ಕೆ ಸೆಳೆಯುತ್ತಿತ್ತು. ಮೊದಲನೆಯದು ಹೊರದೂಡಿದ ಬಿಸಿಗಾಳಿಯನ್ನೇ ಎರಡನೆಯದು ಮತ್ತೆ ಒಳಗೆಳೆದುಕೊಂಡಿತು. ಎರಡೂ ಸೊಗಸಾಗಿ ತಿರುಗುತ್ತಿದ್ದುದರಿಂದ ಕಣ್ಣಿಗೆ ದೋಷವೇ ಕಾಣಲಿಲ್ಲ.

ದೋಷವನ್ನು ಕಂಡುಹಿಡಿದವಳು ಒಂಬತ್ತನೆಯ ತರಗತಿಯ ಬಾಲಿಕೆ. ಅವಳು ನೋಟುಪುಸ್ತಕದಿಂದ ಎರಡು ಕಾಗದದ ಪಟ್ಟಿಗಳನ್ನು ಹರಿದು ಪೆಟ್ಟಿಗೆಯ ಮೇಲಿನ ಜಾಲರಿಯ ಬಳಿ ಹಿಡಿದಳು. ಒಂದು ಪಟ್ಟಿ ಮೇಲಕ್ಕೆ ಹಾರಾಡಿತು, ಇನ್ನೊಂದು ಜಾಲರಿಗೆ ಅಂಟಿಕೊಂಡಿತು. "ಸಾರ್, ಇದು ಒಳಗೆ ಎಳೀತಾ ಇದೆ" ಎಂದಳು. ಯಂತ್ರವನ್ನು ಆರಿಸಿ, ವಿದ್ಯುತ್ತಿನ ತಂತಿಯನ್ನು ಕಿತ್ತು, ಫ್ಯಾನನ್ನು ಹೊರತೆಗೆದು ನೋಡಿದೆವು. ಗಾಳಿ ಹೊರಡುವ ದಿಕ್ಕನ್ನು ತೋರಿಸುವ ಪುಟ್ಟ ಬಾಣದ ಗುರುತು ಅದರ ಅಂಚಿನಲ್ಲೇ ಇದ್ದಿತು. ಬಾಣವಿಲ್ಲದ ಫ್ಯಾನುಗಳಲ್ಲಿ ಮೋಟಾರನ್ನು ಹಿಡಿದಿರುವ ಅಡ್ಡಪಟ್ಟಿಗಳು ಯಾವ ಪಕ್ಕದಲ್ಲಿವೆಯೋ ಸಾಮಾನ್ಯವಾಗಿ ಆ ಪಕ್ಕದಿಂದ ಗಾಳಿ ಹೊರಬರುವುದು. ನಾಲ್ಕು ತಿರುಪುಗಳನ್ನು ಬಿಚ್ಚಿ, ಫ್ಯಾನನ್ನು ಹೊರಳಿಸಿ ಬಿಗಿದೆವು. ಈ ಸಲ ಎರಡು ಪಟ್ಟಿಗಳೂ ಮೇಲಕ್ಕೆ ಹಾರಿದುವು. ನಾಟಕದ ಜೋಡಣೆ ಆ ಸಂಜೆಯೇ ಮುಗಿಯಿತು.