ಲಕ್ವದಲ್ಲಿ ಮೆದುಳಿನ ಚಿತ್ರಣ

ನಮ್ಮ ಜನ ಲಕ್ವವೆಂದೂ ವೈದ್ಯರು ಪಾರ್ಶ್ವವಾಯುವೆಂದೂ ಕರೆಯುವ ವ್ಯಾಧಿಯು ಕೈಕಾಲುಗಳಲ್ಲಿ ತೋರಿದರೂ ಅದರ ಮೂಲವಿರುವುದು ಸಾಮಾನ್ಯವಾಗಿ ಮೆದುಳಿನಲ್ಲಿ. ಅದು ಎರಡು ಬಗೆಯಾಗಿ ಉಂಟಾಗುತ್ತದೆ. ಮೆದುಳಿಗೆ ರಕ್ತವನ್ನೊಯ್ಯುವ ನಾಳವು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋಗುವುದು ಒಂದು. ನಾಳವೇ ಒಡೆದು ರಕ್ತ ಸುರಿಯುವುದು ಇನ್ನೊಂದು. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಪಕ್ಕದ ಕೈಕಾಲು ಸೋಲುವುದು, ಈ ಲಕ್ಷಣಗಳು ಎರಡರಲ್ಲಿಯೂ ಉಂಟು. ಚಿಕಿತ್ಸೆಯಾದರೋ ತೀರ ಬೇರೆ. ಹೆಪ್ಪನ್ನು ಕರಗಿಸುವ ಔಷಧವು ಮೊದಲನೆಯ ರೋಗಿಯನ್ನು ಉಳಿಸಬಹುದು, ಎರಡನೆಯವನನ್ನು ಕೊಲ್ಲಬಹುದು. ನುರಿತ ವೈದ್ಯರೂ ಬರಿಯ ಹೊರಲಕ್ಷಣಗಳಿಂದ ಈ ಭೇದವನ್ನು ನಿಶ್ಚಯಿಸಲಾರರು.

ಈ ತೊಡಕನ್ನು ಬಿಡಿಸಿದ್ದು ಸಿ.ಟಿ. ಸ್ಕ್ಯಾನ್. ಇಂಗ್ಲೆಂಡಿನ ಇಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡರು ನಿರ್ಮಿಸಿದ ಈ ಯಂತ್ರದಿಂದ 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮೆದುಳಿನ ಚಿತ್ರ ತೆಗೆದರು. ಅವರಿಗೂ ಅಲನ್ ಕಾರ್ಮ್ಯಾಕರಿಗೂ 1979ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕ್ಷ-ಕಿರಣಗಳನ್ನು ಹಲವು ಕೋನಗಳಿಂದ ಹಾಯಿಸಿ, ಮೆದುಳನ್ನು ಪದರ ಪದರವಾಗಿ ಚಿತ್ರಿಸುವುದು ಇದರ ಕ್ರಮ. ಹೊಸದಾಗಿ ಸುರಿದ ರಕ್ತವು ಅದರಲ್ಲಿ ಬೆಳ್ಳಗೆ ಕಾಣುತ್ತದೆ. ನಾಳ ಮುಚ್ಚಿದ್ದರೆ ಮೊದಲ ಕೆಲವು ಗಂಟೆಗಳಲ್ಲಿ ಚಿತ್ರವು ಸಹಜವಾಗಿಯೇ ಇರಬಹುದು. ಆದರೂ ರಕ್ತಸ್ರಾವವಿಲ್ಲವೆಂದು ತಿಳಿಯುವುದೇ ದೊಡ್ಡ ಉಪಕಾರ. ಹೆಪ್ಪು ಕರಗಿಸುವ ಔಷಧವನ್ನು 3 ಗಂಟೆಗಳೊಳಗೆ ಕೊಟ್ಟರೆ ಗುಣವುಂಟೆಂದು 1995ರಲ್ಲಿ ಅಮೆರಿಕದ ಪ್ರಯೋಗವೊಂದು ತೋರಿಸಿತು. 2008ರಲ್ಲಿ ಯೂರೋಪಿನ ಪ್ರಯೋಗವು ಆ ಅವಧಿಯನ್ನು ನಾಲ್ಕೂವರೆ ಗಂಟೆಗಳಿಗೆ ವಿಸ್ತರಿಸಿತು.

ಕೆಲವರಲ್ಲಿ ಲಕ್ಷಣಗಳು ಹತ್ತಿಪ್ಪತ್ತು ನಿಮಿಷಗಳಲ್ಲಿ ತಾವಾಗಿಯೇ ಅಡಗುತ್ತವೆ. ಇದನ್ನು ಕ್ಷಣಿಕ ಆಘಾತವೆನ್ನಬಹುದು. ಆದರೆ ಅಯಸ್ಕಾಂತದ ಬಲದಿಂದ ಚಿತ್ರ ತೆಗೆಯುವ ಎಂ.ಆರ್.ಐ. ಯಂತ್ರವು ಬೇರೆಯೇ ಕಥೆ ಹೇಳುತ್ತದೆ. ರಕ್ತ ದೊರೆಯದ ಜೀವಕೋಶಗಳಲ್ಲಿ ನೀರಿನ ಚಲನೆ ಕುಂದುವುದನ್ನು ಅದು ಬೇಗನೆ ಗುರುತಿಸಬಲ್ಲದು. ಪೂರ್ಣ ಗುಣವಾದರೆಂದು ತೋರಿದ ಇಂಥ ರೋಗಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಜನರ ಮೆದುಳಿನಲ್ಲಿ ಗಾಯ ಕಂಡುಬಂದಿದೆ. ಆದುದರಿಂದಲೇ 2009ರಲ್ಲಿ ಅಮೆರಿಕದ ತಜ್ಞರು 24 ಗಂಟೆಗಳೆಂಬ ಹಳೆಯ ಗಡುವನ್ನು ಕೈಬಿಟ್ಟು, ಮೆದುಳಿಗೆ ಗಾಯವಾಗದಿದ್ದರೆ ಮಾತ್ರ ಅದನ್ನು ಕ್ಷಣಿಕವೆಂದು ಕರೆಯತಕ್ಕದ್ದೆಂದರು. ಹಾಗೆಂದು ಚಿತ್ರವು ನಿರ್ಮಲವಾಗಿದ್ದರೆ ಅಪಾಯವಿಲ್ಲವೆಂದಲ್ಲ. ಕುತ್ತಿಗೆಯ ರಕ್ತನಾಳಗಳನ್ನೂ ಹೃದಯವನ್ನೂ ಪರೀಕ್ಷಿಸಬೇಕು. ನಿಜವಾದ ಲಕ್ವ ಬಡಿಯುವ ಭಯ ಮುಂದಿನ ಎರಡು ದಿನಗಳಲ್ಲಿಯೇ ಹೆಚ್ಚು.

ನಮ್ಮಲ್ಲಿ ಅನೇಕರು ಹಳ್ಳಿಗಳಿಂದ ಬಂದವರು, ಮನೆಯಲ್ಲಿ ಮೊದಲು ಓದಿದವರು. ಮನೆಯ ಹಿರಿಯರ ಕೈ ಜೋಮು ಹಿಡಿದಾಗ ಎಣ್ಣೆ ತಿಕ್ಕಿಸುತ್ತ ಕೂರುವುದನ್ನೂ, "ಈಗ ವಾಸಿಯಾಯಿತಲ್ಲ" ಎಂದು ಸುಮ್ಮನಾಗುವುದನ್ನೂ ಬಲ್ಲೆವು. ಲಕ್ಷಣಗಳು ತೋರಿದ ಹೊತ್ತನ್ನು ಗುರುತಿಟ್ಟುಕೊಂಡು, ಸ್ಕ್ಯಾನ್ ಇರುವ ಆಸ್ಪತ್ರೆಗೆ ಆ ಕೂಡಲೇ ಕರೆದೊಯ್ಯಿರೆಂದು ಅವರಿಗೆ ತಿಳಿಯಹೇಳುವುದು ವಿದ್ಯಾವಂತರಾದ ನಮ್ಮ ಕರ್ತವ್ಯ.