ತಲೆಕೆಳಗಾಗಿ ನೇತಾಡಿದರೆ ಬೆನ್ನುನೋವು ಹೋಗುತ್ತದೆಯೇ?

ಗ್ರಾವಿಟಿ ಬೂಟ್ಸ್ ಎಂದರೆ ಹಾಕಿಕೊಂಡು ನಡೆಯುವ ಬೂಟುಗಳಲ್ಲ. ಕಣಕಾಲಿಗೆ ಬಿಗಿಯಾಗಿ ಕಟ್ಟುವ ದಪ್ಪ ಪಟ್ಟಿ, ಅದರ ಮುಂದೆ ಒಂದು ಗಟ್ಟಿ ಕೊಕ್ಕೆ. ಆ ಕೊಕ್ಕೆಯನ್ನು ಮೇಲಿನ ಅಡ್ಡಕಂಬಿಗೆ ಸಿಕ್ಕಿಸಿ ಬಾವಲಿಯಂತೆ ನೇತಾಡಬೇಕು. ಕ್ಯಾಲಿಫೋರ್ನಿಯಾದ ರಾಬರ್ಟ್ ಮಾರ್ಟಿನ್ ಎಂಬ ವೈದ್ಯರು ಇದನ್ನು ಪ್ರಚಾರಕ್ಕೆ ತಂದರು. 1980ರ ಒಂದು ಹಾಲಿವುಡ್ ಚಿತ್ರದಲ್ಲಿ ನಟ ರಿಚರ್ಡ್ ಗೇರ್ ಹೀಗೆ ನೇತಾಡಿ ವ್ಯಾಯಾಮ ಮಾಡಿದ ಮೇಲೆ ಬೂಟುಗಳು ಬಹಳ ಹೆಸರು ಮಾಡಿದವು.

ನಮ್ಮ ಅಬ್ಬಾ ಆಟೋ ಓಡಿಸುತ್ತಾರೆ. ‘ಕಮರ್ ದರ್ದ್’ ಎಂಬ ಮಾತು ನಮ್ಮ ಮನೆಯಲ್ಲಿ ದಿನವೂ ಕೇಳುತ್ತದೆ. ಜಿಮ್‌ಗೆ ಹೋಗುವ ಭಾಯಿಜಾನ್ “ಅಬ್ಬಾ, ನಿಮಗೆ ಈ ಬೂಟು ತರಿಸೋಣ” ಎಂದಾಗ, ದುಡ್ಡು ಕೊಡುವ ಮೊದಲು ಲಾಭ ನಷ್ಟ ನೋಡೋಣ ಎಂದು ನಾನು ಓದಲು ಕುಳಿತೆ. ನಾನು ಕಾಮರ್ಸ್ ವಿದ್ಯಾರ್ಥಿನಿ, ಆದ್ದರಿಂದ ಸೈನ್ಸ್ ವಿಭಾಗದ ಗೆಳತಿಯರನ್ನು ಬಹಳ ಕಾಡಿಸಿದ್ದೇನೆ.

ಮೊದಲು ಲಾಭದ ಕಡೆ. ನಮ್ಮ ಬೆನ್ನುಮೂಳೆಗಳ ನಡುವೆ 23 ಡಿಸ್ಕ್‌ಗಳಿವೆ. ಅವು ನೀರು ತುಂಬಿದ ಮೆತ್ತೆಗಳಿದ್ದಂತೆ. ಹಗಲೆಲ್ಲ ದೇಹದ ಭಾರ ಬಿದ್ದು ನೀರು ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ, ರಾತ್ರಿ ಮಲಗಿದಾಗ ಮತ್ತೆ ಒಳಸೇರುತ್ತದೆ. ಬೆಳಿಗ್ಗೆ ಎದ್ದಾಗ ನಾವು ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟಾದರೂ ಎತ್ತರ ಇರುತ್ತೇವೆ. ಗೋಡೆಗೆ ಗುರುತು ಹಾಕಿ ನೀವೇ ನೋಡಬಹುದು. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಎಂಬ ವೈದ್ಯರು ಡಿಸ್ಕ್‌ನೊಳಗೆ ಸೂಜಿ ಇಟ್ಟು ಒತ್ತಡವನ್ನೇ ಅಳೆದರು. ಮಲಗಿದಾಗ ಒತ್ತಡ ಕಡಿಮೆ, ಮುಂದೆ ಬಾಗಿ ಭಾರ ಎತ್ತುವಾಗ ಬಹಳ ಹೆಚ್ಚು. ತಲೆಕೆಳಗಾದರೆ ಒತ್ತುವ ಭಾರವೇ ಎಳೆಯುವ ಭಾರವಾಗುತ್ತದೆ. 70 ಕೆ.ಜಿ. ಮನುಷ್ಯನಾದರೆ ಸೊಂಟದ ಮೇಲಿನ ಭಾಗ ಸುಮಾರು 35 ಕೆ.ಜಿ. ಅಷ್ಟು ಭಾರ ಸೊಂಟದ ಡಿಸ್ಕ್‌ಗಳನ್ನು ಬಿಡಿಸಿ ಎಳೆಯುತ್ತದೆ. (ಶೀರ್ಷಾಸನವೂ ಇದೇ ಅಲ್ಲವೇ ಎಂದು ಒಬ್ಬ ಗೆಳತಿ ಕೇಳಿದಳು. ಅಲ್ಲ. ಅಲ್ಲಿ ಭಾರ ತಲೆ ಮತ್ತು ಕುತ್ತಿಗೆಯ ಮೇಲೆ ಕೂರುತ್ತದೆ, ಎಳೆತ ಇರುವುದಿಲ್ಲ.)

ಈ ಉಪಾಯ ಹೊಸದಲ್ಲ. ಯುನಾನಿ ಹಕೀಮರು ಬುಕ್ರಾತ್ ಎನ್ನುವ ಗ್ರೀಕ್ ವೈದ್ಯ ಹಿಪ್ಪೊಕ್ರಾಟಿಸ್‌ನ ಹೆಸರಿನಲ್ಲಿರುವ ಗ್ರಂಥದಲ್ಲಿ, ಗೂನು ಬೆನ್ನಿನವರನ್ನು ಏಣಿಗೆ ತಲೆಕೆಳಗಾಗಿ ಕಟ್ಟಿ ಕುಲುಕುವ ವಿಧಾನ ಇದೆ. ಜನರನ್ನು ಬೆರಗುಗೊಳಿಸಲು ವೈದ್ಯರು ಇದನ್ನು ಮಾಡುತ್ತಾರೆ ಎಂದು ಅಲ್ಲಿಯೇ ಟೀಕೆಯೂ ಇದೆ! ಕಾರ್ಡೋಬಾದ ಅಲ್-ಜಹ್ರಾವಿ ಸುಮಾರು ಸಾವಿರ ವರ್ಷದ ಹಿಂದೆ ಬೆನ್ನೆಲುಬನ್ನು ಎಳೆದು ಸರಿಪಡಿಸುವುದನ್ನು ಬರೆದರು. ಆದರೆ ಅವರ ರೋಗಿ ಮಲಗಿರುತ್ತಾನೆ.

ಈಗಿನ ಪುರಾವೆ ಏನು? ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಡಿಸ್ಕ್ ತೊಂದರೆಯಿಂದ ಆಪರೇಷನ್‌ಗೆ ಕಾಯುತ್ತಿದ್ದ 13 ಜನರಿಗೆ ಈ ಚಿಕಿತ್ಸೆ ಕೊಟ್ಟಾಗ 10 ಜನರಿಗೆ ಆಪರೇಷನ್ ಬೇಕಾಗಲಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಅವರಿಗೆ ಜೊತೆಗೆ ಫಿಸಿಯೋಥೆರಪಿಯೂ ಇತ್ತು, ಮೇಲಾಗಿ ಹದಿಮೂರು ಜನರ ಲೆಕ್ಕದಿಂದ ಯಾರೂ ಬ್ಯಾಲೆನ್ಸ್ ಶೀಟ್ ಮುಗಿಸುವುದಿಲ್ಲ. ಸೊಂಟವನ್ನು ಎಳೆಯುವ ಎಲ್ಲಾ ಬಗೆಯ ಚಿಕಿತ್ಸೆಗಳ 32 ಪರೀಕ್ಷೆಗಳನ್ನು ಒಟ್ಟುಗೂಡಿಸಿದ 2013ರ ಕಾಕ್ರೇನ್ ವರದಿ, ಇದರಿಂದ ನೋವಿನಲ್ಲಿ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ ಎಂದಿತು. ಕೆಳಗಿಳಿದು ನಿಂತ ಕೂಡಲೇ ಭಾರ ಮತ್ತೆ ಡಿಸ್ಕ್ ಮೇಲೆ ಬೀಳುತ್ತದಲ್ಲ!

ನಷ್ಟದ ಕಡೆ ಉದ್ದವಾಗಿದೆ. ತಲೆಕೆಳಗಾದಾಗ ರಕ್ತದೊತ್ತಡ ಏರುತ್ತದೆ, ಕಣ್ಣೊಳಗಿನ ಒತ್ತಡವೂ ಏರುತ್ತದೆ. ಶೀರ್ಷಾಸನ ಮಾಡುವವರ ಮೇಲೆ ಚೆನ್ನೈಯಲ್ಲಿ ನಡೆದ ಅಧ್ಯಯನದಲ್ಲಿ ಕಣ್ಣಿನ ಒತ್ತಡ ಸುಮಾರು ಎರಡು ಪಟ್ಟಾಗಿತ್ತು. ಬಿ.ಪಿ., ಹೃದಯದ ಕಾಯಿಲೆ, ಗ್ಲಾಕೋಮಾ, ಮೂಳೆ ಸವೆತ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಇದರ ಹತ್ತಿರ ಹೋಗಬಾರದು. ಅಬ್ಬಾ ಅವರಿಗೆ ಬಿ.ಪಿ. ಮಾತ್ರೆ ಇದೆ. ನಮ್ಮ ಮನೆಯ ತೀರ್ಮಾನ ಅಲ್ಲಿಗೇ ಮುಗಿಯಿತು.

ಬಿ.ಪಿ. ಇಲ್ಲದವರಿಗೂ ನಾನು ಹೇಳುವುದು ಒಂದಿದೆ. ಬೂಟಿನಿಂದ ಇಳಿಯುವುದು ಹೇಗೆ? ನೇತಾಡುತ್ತಲೇ ಸೊಂಟ ಬಗ್ಗಿಸಿ, ಹೊಟ್ಟೆಯ ಬಲದಿಂದ ಮೇಲಕ್ಕೆ ಏರಿ, ಕೈಯಿಂದ ಕಂಬಿ ಹಿಡಿದು ಕೊಕ್ಕೆ ಬಿಡಿಸಬೇಕು. ಸೊಂಟ ಬಗ್ಗದವನಿಗಾಗಿ ತಂದ ಸಾಧನವನ್ನು ಬಿಡಿಸಿಕೊಳ್ಳಲು ಬಗ್ಗುವ ಸೊಂಟ ಬೇಕು! ಅರ್ಧದಲ್ಲಿ ನೋವು ಹಿಡಿದರೆ, ಅಥವಾ ಕಂಬಿ ಕಳಚಿದರೆ, ಮೊದಲು ನೆಲಕ್ಕೆ ತಾಗುವುದು ತಲೆ. ಇದೇ ಕೆಲಸಕ್ಕೆ ಓರೆಯಾಗಿ ತಿರುಗುವ ಮೇಜೂ ಸಿಗುತ್ತದೆ. ಅದರಲ್ಲಿ 30 ಡಿಗ್ರಿ ಓರೆಯಾದರೆ ಎಳೆತ ಹೆಚ್ಚೆಂದರೆ ಅರ್ಧದಷ್ಟಿರುತ್ತದೆ, ಕೈಯಿಂದಲೇ ಹಿಂದಕ್ಕೆ ಬರಬಹುದು. ಅದಕ್ಕೂ ವೈದ್ಯರ ಒಪ್ಪಿಗೆ ಬೇಕು, ಪಕ್ಕದಲ್ಲಿ ಒಬ್ಬರು ಇರಬೇಕು.

ಅಬ್ಬಾ ಈಗ ಮಧ್ಯಾಹ್ನ ಊಟಕ್ಕೆ ಬಂದಾಗ ಚಾಪೆಯ ಮೇಲೆ ಮಲಗಿ, ಮಂಡಿ ಮಡಚಿ, ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟು ಹತ್ತು ನಿಮಿಷ ಇರುತ್ತಾರೆ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ, ಸಂಜೆ ನಡಿಗೆ, ಗಂಟೆಗೊಮ್ಮೆ ಆಟೋದಿಂದ ಇಳಿದು ನಿಲ್ಲುವುದು ಇವೆ. ನೋವು ಪೂರ್ತಿ ಹೋಗಿಲ್ಲ, ಆದರೆ ಬೆಳಿಗ್ಗೆ ಬೂಟು ಕಟ್ಟಿಕೊಳ್ಳಲು (ಮಾಮೂಲಿ ಬೂಟು!) ನನ್ನನ್ನು ಕರೆಯುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ತೊಡೆಗಳ ಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಮೂತ್ರ ತಡೆಯಲು ಅಥವಾ ಮಾಡಲು ಆಗದಿದ್ದರೆ, ಕುರ್ಚಿ ವ್ಯಾಯಾಮ ಎಂದು ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.