ಅಳಿವೆಯ ಹೂಳು, ಮೀನಿನ ಸಾಕ್ಷ್ಯ

ಸುಬ್ರಹ್ಮಣ್ಯಪುರದ ಕೆರೆಯಂಚಿನಿಂದ ಒಂದು ಹಿಡಿ ಹೂಳನ್ನು ತಂದು, ಗಾಜಿನ ಜಾಡಿಯ ನೀರಿನಲ್ಲಿ ಚೆನ್ನಾಗಿ ಕಲಕಿ, ಅಲುಗದಂತೆ ಇಟ್ಟು ನೋಡೋಣ. ಮರಳಿನ ಕಣಗಳು ೧೦ ಸೆಂಟಿಮೀಟರು ಆಳವನ್ನು ಕೆಲವೇ ಸೆಕೆಂಡುಗಳಲ್ಲಿ ಇಳಿದು ತಳ ಸೇರುತ್ತವೆ. ನೀರು ಮಾತ್ರ ತಿಳಿಯಾಗುವುದಿಲ್ಲ. ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗದಷ್ಟು ದಪ್ಪದ ಜೇಡಿಯ ಕಣವು ಅಷ್ಟೇ ಆಳವನ್ನು ಇಳಿಯಲು ಏಳೆಂಟು ಗಂಟೆ ಬೇಕು. ಬೀಳುವ ವೇಗವು ಕಣದ ತ್ರಿಜ್ಯದ ವರ್ಗಕ್ಕೆ ಅನುಗುಣವಾಗಿರುತ್ತದೆಂಬ ಸ್ಟೋಕ್ಸನ ನಿಯಮವನ್ನು ಕಾಲೇಜು ವಿದ್ಯಾರ್ಥಿಗಳು ಬಾಯಿಪಾಠ ಮಾಡಿಯೇ ಇರುತ್ತಾರೆ. ನದಿಯಲ್ಲಿ ಬೆರೆತ ವಿಷವು ಕೊನೆಗೆ ಎಲ್ಲಿ ಹೋಗಿ ನಿಲ್ಲುತ್ತದೆಂಬುದರಲ್ಲಿಯೂ ಆ ನಿಯಮದ ಕೈವಾಡವಿದೆಯೆಂದು ಅವರಿಗೆ ತೋರಿರಲಾರದು.

ಅದೇ ಹೂಳಿನ ಎರಡನೆಯ ಜಾಡಿಗೆ ಒಂದು ಚಮಚ ಉಪ್ಪನ್ನು ಸೇರಿಸಿದರೆ, ಅದು ಮೊದಲನೆಯದಕ್ಕಿಂತ ಬೇಗ ತಿಳಿಯಾಗುತ್ತದೆ. ಜೇಡಿಯ ಕಣಗಳ ಮೈಮೇಲೆ ಋಣ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಉಪ್ಪಿನ ಧನ ಅಯಾನುಗಳು ಸುತ್ತುವರಿದೊಡನೆ ಈ ವಿಕರ್ಷಣೆ ಕುಗ್ಗಿ, ಕಣಗಳು ಕೂಡಿಕೊಂಡು ದೊಡ್ಡ ಗಂಟುಗಳಾಗಿ ಕೆಳಗಿಳಿಯುತ್ತವೆ. ಮಂಗಳೂರಿನಲ್ಲಿ ನೇತ್ರಾವತಿಯೂ, ಗುರುಪುರ ಹೊಳೆಯೆಂದೂ ಹೆಸರುಳ್ಳ ಫಲ್ಗುಣಿಯೂ ಒಟ್ಟಾಗಿ ಕಡಲನ್ನು ಸೇರುವ ಅಳಿವೆಯಲ್ಲಿ, ಕಾರವಾರದ ಕಾಳಿಯ ಅಳಿವೆಯಲ್ಲಿ, ನಡೆಯುವುದೂ ಇದೇ. ಘಟ್ಟದಿಂದ ತೇಲಿ ಬಂದ ಜೇಡಿಯು ಉಪ್ಪುನೀರನ್ನು ಕಂಡ ಕಡೆ ತಂಗುತ್ತದೆ.

ಇದರಿಂದ ಏನಾಯಿತು? ಒಂದು ಸೆಂಟಿಮೀಟರು ಅಂಚಿನ ಘನದ ಮೈ ಆರು ಚದರ ಸೆಂಟಿಮೀಟರು. ಅದನ್ನೇ ಮಿಲಿಮೀಟರಿನ ಸಾವಿರದ ಒಂದು ಭಾಗ ಅಂಚಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೈ ಆರು ಚದರ ಮೀಟರು, ಎಂದರೆ ಒಂದು ಸಣ್ಣ ಕೋಣೆಯ ನೆಲ! ಅಷ್ಟೊಂದು ಮೈಯುಳ್ಳ ಜೇಡಿಗೆ ಸೀಸ, ಕ್ಯಾಡ್ಮಿಯಮ್, ಪಾದರಸ, ಕೀಟನಾಶಕ, ಹೊಗೆಮಸಿಯ ಎಣ್ಣೆಗಳು ಅಂಟಿಕೊಂಡು ಬರುತ್ತವೆ. ಮೇಲಿನ ನೀರು ತಿಳಿಯಾಗಿರಬಹುದು. ತಳದ ಹೂಳಿನಲ್ಲಿ ದಶಕಗಳ ಕಸ ಅಡಗಿರಬಹುದು. ಬಂದರುಗಳಲ್ಲಿ ಹಡಗುಗಳು ಓಡಾಡಬೇಕಾದರೆ ಈ ಹೂಳನ್ನು ಎತ್ತಲೇಬೇಕು. ಎತ್ತಿದ್ದನ್ನು ಕಡಲಿಗೆ ಸುರಿಯಬಹುದೆ, ದಡದಲ್ಲಿ ಹರಡಬಹುದೆ? ಆ ನೀರಿನ ಮೀನನ್ನು ಉಣ್ಣುವವರಿಗೆಲ್ಲ ಇದು ಸಂಬಂಧಿಸಿದ ಪ್ರಶ್ನೆ.

ರಸಾಯನಶಾಸ್ತ್ರಜ್ಞನು ಹೂಳಿನಲ್ಲಿ ಯಾವ ಲೋಹ ಎಷ್ಟಿದೆಯೆಂದು ತೂಗಿ ಹೇಳಬಲ್ಲನು. ಆದರೆ ತೂಕವೇ ವಿಷವಲ್ಲ. ಗಾಳಿಯಾಡದ ಕಪ್ಪು ಹೂಳಿನಲ್ಲಿ ತಾಮ್ರ, ಕ್ಯಾಡ್ಮಿಯಮ್‌ಗಳು ಗಂಧಕದೊಡನೆ ಬಿಗಿಯಾಗಿ ಕೂಡಿಕೊಂಡು ನಿರುಪದ್ರವಿಯಾಗಿ ಕುಳಿತಿರಬಹುದು. ಅದೇ ಹೂಳನ್ನು ಅಗೆದು ಗಾಳಿಗೊಡ್ಡಿದರೆ ಆ ಬಂಧ ಸಡಿಲುತ್ತದೆ. ಆದುದರಿಂದ ಹೂಳಿನಲ್ಲಿ ಬಾಳುವ ಜೀವಿಯನ್ನೇ ಕೇಳುವುದು ಉಚಿತ.

ಸತ್ತ ಮೀನನ್ನು ಕೇಳಿದರೆ ಸಾಲದೆ? ೨೦೧೬ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದುದು ವಾಚಕರಿಗೆ ನೆನಪಿರಬಹುದು. ಸಾವು ಒರಟು ಸಾಕ್ಷಿ. ಕೊಳೆ ತುಂಬಿದ ನೀರಿನಲ್ಲಿ ಆಮ್ಲಜನಕ ಮುಗಿದರೆ, ಬೇರಾವ ವಿಷವೂ ಇಲ್ಲದೆಯೇ ಮೀನು ಸಾಯುತ್ತದೆ. ಮೀನು ಬದುಕಿದೆಯೆಂದ ಮಾತ್ರಕ್ಕೆ ಹೂಳು ನಿರ್ದೋಷಿಯೂ ಅಲ್ಲ. ಬದುಕಿರುವ ಮೀನಿನ ದೇಹದೊಳಗೆ ಆಗುವ ಸಣ್ಣ ಬದಲಾವಣೆಗಳೇ ನಮಗೆ ಬೇಕಾದ ಸಾಕ್ಷ್ಯ. ಇವನ್ನು ಜೈವಿಕ ಸೂಚಿಗಳೆನ್ನುತ್ತಾರೆ. ಕರಾವಳಿಯವರು ನಂಗು ಎನ್ನುವ ಚಪ್ಪಟೆ ಮೀನು ಮೈಯನ್ನು ತಳಕ್ಕೆ ಒತ್ತಿಯೇ ಇರುತ್ತದೆ. ಕಾಣೆ ಮೀನು ಹೆದರಿದರೆ ಮರಳಿನೊಳಗೆ ಹೂತುಕೊಳ್ಳುತ್ತದೆ. ಇಂಥ ಮೀನುಗಳಿಗಿಂತ ಹೂಳನ್ನು ಬಲ್ಲವರು ಯಾರು?

ಸೂಚಿಗಳು ಹಲವು. ಕ್ಯಾಡ್ಮಿಯಮ್‌ನಂತಹ ಲೋಹಗಳನ್ನು ಹಿಡಿದುಕೊಳ್ಳುವ ಮೆಟಲೊಥಯೋನೀನ್ ಎಂಬ ಪ್ರೋಟೀನನ್ನು ೧೯೫೭ರಲ್ಲಿ ಮಾರ್ಗೋಶೆಸ್ ಮತ್ತು ವ್ಯಾಲಿ ಎಂಬವರು ಕುದುರೆಯ ಮೂತ್ರಪಿಂಡದಲ್ಲಿ ಕಂಡರು. ಲೋಹ ಹೆಚ್ಚಿದರೆ ಮೀನಿನ ದೇಹವೂ ಇದನ್ನು ಹೆಚ್ಚಾಗಿ ತಯಾರಿಸುತ್ತದೆ. ಕೆಲವು ಕೀಟನಾಶಕಗಳು ನರಗಳ ಒಂದು ಕಿಣ್ವವನ್ನು ಅಡಗಿಸುತ್ತವೆ. ೧೯೬೧ರಲ್ಲಿ ಎಲ್‌ಮನ್ ಮತ್ತು ಸಂಗಡಿಗರು ತಿಳಿಸಿದ ವಿಧಾನದಲ್ಲಿ ಹಳದಿ ಬಣ್ಣವು ಎಷ್ಟು ವೇಗವಾಗಿ ಮೂಡುತ್ತದೆಂಬುದರಿಂದ ಅದನ್ನು ಅಳೆಯುತ್ತಾರೆ.

ನಮಗೆ ಹೆಚ್ಚು ಸ್ವಾರಸ್ಯವೆನಿಸುವುದು ಪಿತ್ತಜನಕಾಂಗದ ಒಂದು ಕಿಣ್ವ. ಹೊಗೆಮಸಿಯಲ್ಲಿರುವ ಬೆಂಜೊಪೈರೀನ್‌ನಂತಹ ವಸ್ತುಗಳು ಕೊಬ್ಬಿನಲ್ಲಿ ಕರಗುವವು, ನೀರಿನಲ್ಲಿ ಕರಗವು. ಅವು ಒಳಹೊಕ್ಕೊಡನೆ ಮೀನು ಈ ಕಿಣ್ವವನ್ನು ಹೇರಳವಾಗಿ ತಯಾರಿಸಿ, ಅವನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ ಹೊರಹಾಕಲು ಯತ್ನಿಸುತ್ತದೆ. ವಿಪರ್ಯಾಸವೆಂದರೆ, ಈ ಮಾರ್ಪಾಡಿನ ನಡುವೆ ಹುಟ್ಟುವ ವಸ್ತುವೇ ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು ಕೆಡುಕು ಮಾಡುತ್ತದೆ. ಕಿಣ್ವವನ್ನು ಅಳೆಯಲು ಅದಕ್ಕೆ ಎಥಾಕ್ಸಿರಿಸಾರುಫಿನ್ ಎಂಬ ಪದಾರ್ಥವನ್ನು ಒದಗಿಸುತ್ತಾರೆ. ಕಿಣ್ವವು ಅದನ್ನು ರಿಸಾರುಫಿನ್ ಆಗಿ ಬದಲಿಸುತ್ತದೆ. ಇದರ ಮೇಲೆ ಸುಮಾರು ೫೩೦ ನ್ಯಾನೊಮೀಟರಿನ ಹಸುರು ಬೆಳಕನ್ನು ಬಿಟ್ಟರೆ, ಸುಮಾರು ೫೮೫ ನ್ಯಾನೊಮೀಟರಿನ ಕಿತ್ತಳೆ ಬೆಳಕು ಹೊಮ್ಮುತ್ತದೆ. ಅದರ ತೀವ್ರತೆ ಎಷ್ಟು ಬೇಗ ಏರುವುದೋ ಕಿಣ್ವ ಅಷ್ಟು ಹೆಚ್ಚು. ಹೊಮ್ಮುವ ಬೆಳಕಿನ ಅಲೆಯುದ್ದ ಬಿದ್ದ ಬೆಳಕಿನದಕ್ಕಿಂತ ದೊಡ್ಡದೆಂದು ೧೮೫೨ರಲ್ಲಿ ತೋರಿಸಿದವನು ಅದೇ ಸ್ಟೋಕ್ಸ್! ಜೇಡಿಯನ್ನು ತಳಕ್ಕಿಳಿಸಿದ ನಿಯಮವೂ, ಮೀನಿನ ನೋವನ್ನು ಓದುವ ಬೆಳಕಿನ ನಿಯಮವೂ ಒಬ್ಬನವೇ.

೧೯೯೮ರ ಏಪ್ರಿಲ್‌ನಲ್ಲಿ ಸ್ಪೇನಿನ ಅಜ್ನಾಲ್ಕೊಲಾರ್ ಗಣಿಯ ಕಟ್ಟೆಯೊಡೆದು, ಲೋಹ ತುಂಬಿದ ಆಮ್ಲೀಯ ಕೆಸರು ಗ್ವಾಡಲ್‌ಕಿವಿರ್ ನದಿಯ ಉಪನದಿಯೊಂದಕ್ಕೆ ನುಗ್ಗಿತು. ಮುಂದಿನ ವರ್ಷಗಳಲ್ಲಿ ಅಲ್ಲಿನ ಸಂಶೋಧಕರು ಆ ಅಳಿವೆಯ ಮತ್ತು ನೆರೆಯ ತೀರಗಳ ಹೂಳನ್ನು ತೊಟ್ಟಿಗಳಲ್ಲಿ ಹರಡಿ, ನಮ್ಮ ನಂಗಿನಂತಹ ಚಪ್ಪಟೆ ಮೀನಿನ ಮರಿಗಳನ್ನು ವಾರಗಟ್ಟಲೆ ಅದರ ಮೇಲೆ ಬಿಟ್ಟು, ಈ ಸೂಚಿಗಳನ್ನು ಅಳೆದರು. ಕಿವಿರು, ಪಿತ್ತಜನಕಾಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ತೊಟ್ಟಿಗಳಲ್ಲಿ ನೀರು, ಶಾಖ, ಆಹಾರ ಒಂದೇ ಆಗಿದ್ದು ಹೂಳು ಮಾತ್ರ ಬೇರೆಯಾಗಿದ್ದರೆ, ಮೀನುಗಳಲ್ಲಿ ಕಾಣುವ ವ್ಯತ್ಯಾಸವನ್ನು ಹೂಳಿನ ತಲೆಗೆ ಕಟ್ಟಬಹುದು.

ಹೊಳೆಯಲ್ಲಿಯೇ ಹಿಡಿದ ಮೀನಿನ ವಿಷಯದಲ್ಲಿ ಇಷ್ಟು ಸಲೀಸಿಲ್ಲ. ಮೊಟ್ಟೆಯಿಡುವ ಕಾಲದ ಹೆಣ್ಣುಮೀನಿನಲ್ಲಿ ಮೇಲೆ ಹೇಳಿದ ಪಿತ್ತಜನಕಾಂಗದ ಕಿಣ್ವ ತಾನಾಗಿಯೇ ತಗ್ಗುತ್ತದೆ. ಅದನ್ನರಿಯದವನು ಹೊಲಸು ಹೂಳನ್ನೂ ಶುದ್ಧವೆಂದು ಸಾರಿಯಾನು. ನಮ್ಮ ಕರಾವಳಿಯಲ್ಲಂತೂ ಜೂನಿನಿಂದ ಮಳೆ ಹಿಡಿದರೆ ಅಳಿವೆಯ ಉಪ್ಪು ತೊಳೆದುಹೋಗುತ್ತದೆ. ಮೇ ತಿಂಗಳ ಮೀನನ್ನು ಆಗಸ್ಟಿನ ಮೀನಿನೊಡನೆ ಹೋಲಿಸುವಂತಿಲ್ಲ. ಶುದ್ಧವೆಂದು ತಿಳಿದ ಇನ್ನೊಂದು ತಾಣದಿಂದ, ಅದೇ ತಿಂಗಳಲ್ಲಿ, ಅದೇ ಜಾತಿಯ, ಅದೇ ಲಿಂಗದ, ಅಷ್ಟೇ ಉದ್ದದ ಮೀನುಗಳನ್ನು ಹಿಡಿದು ತಂದು ಪಕ್ಕದಲ್ಲಿಟ್ಟು ಅಳೆಯಬೇಕು.